ಹಳೆ ಡಬ್ಬ, ಕುಪ್ಪಿಗಳಿಗೆ ಕಾಗದದ ಚಿತ್ತಾರ: ಮಳೆಗಾಲಕ್ಕೂ ಏಳದ ಹಾಗೆ

ಕಾಗದ ಕತ್ತರಿಸಿ ಡಬ್ಬಕ್ಕೆ ಅಂಟಿಸುವುದು ಸುಲಭ. ಅದು ಒಂದು ಮಳೆಗಾಲ ದಾಟಬೇಕಾದರೆ ಮಾತ್ರ ಸ್ವಲ್ಪ ತಾಳ್ಮೆ ಬೇಕು. ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆ ಇದಕ್ಕೆ ದೀಪಾವಳಿಯಿಂದ ಮೇ ಕೊನೆಯ ಪತ್ತನಾಜೆವರೆಗಿನ ಸಮಯವೇ ಒಳ್ಳೆಯದು. ಬಿಳಿ ಅಂಟು ಗಟ್ಟಿಯಾಗುವುದು ಅದರೊಳಗಿನ ನೀರು ಆರಿದಾಗ. ಜೂನ್, ಜುಲೈಯ ಹಸಿಗಾಳಿಯಲ್ಲಿ ಅದು ಸರಿಯಾಗಿ ಆರುವುದಿಲ್ಲ. ಕೈಗೆ ಅಂಟುತ್ತಲೇ ಇರುತ್ತದೆ, ಕೊನೆಗೆ ಬೂಷ್ಟು ಬರುತ್ತದೆ.

ಮೊದಲು ಡಬ್ಬ. ಲೇಬಲ್ಲಿನ ಗೋಂದಿಗೆ ತೆಂಗಿನೆಣ್ಣೆ ಹಚ್ಚಿ ಅರ್ಧ ಗಂಟೆ ಬಿಡಿ, ಉಜ್ಜಿ ತೆಗೆಯಿರಿ, ಪಾತ್ರೆ ಸಾಬೂನಿನಲ್ಲಿ ಎರಡು ಸಲ ತೊಳೆಯಿರಿ. ಎಣ್ಣೆಪಸೆ ಉಳಿದ ಜಾಗದಲ್ಲಿ ಕಾಗದ ಹಿಡಿಯುವುದೇ ಇಲ್ಲ. ಗಾಜಿಗೆ ಇಷ್ಟು ಸಾಕು. ಪ್ಲಾಸ್ಟಿಕ್ಕಾದರೆ 220 ನಂಬರಿನ ಉಪ್ಪುಕಾಗದದಿಂದ ಹೊಳಪು ಹೋಗುವಷ್ಟು ತಿಕ್ಕಬೇಕು. ತಗಡಿಗೆ ಒಂದು ಕೋಟ್ ರೆಡ್ ಆಕ್ಸೈಡ್ ಪ್ರೈಮರ್, ಅದು ಒಣಗಿದ ಮೇಲೆ ಬಿಳಿ ಪೈಂಟ್. ಇಲ್ಲವಾದರೆ ಅಂಟಿನ ನೀರಿಗೆ ತಗಡು ತುಕ್ಕು ಹಿಡಿದು ಕಾಗದದಲ್ಲಿ ಕಂದು ಕಲೆ ಏಳುತ್ತದೆ. ಉಪ್ಪಿನಕಾಯಿ ಕುಪ್ಪಿಗೆ ಈ ಅಲಂಕಾರ ಬೇಡವೇ ಬೇಡ. ಬಾಯಿಂದ ಇಳಿದ ಎಣ್ಣೆ ಕಾಗದದ ಹಿಂದೆ ಸೇರಿದರೆ ಮತ್ತೆ ತೆಗೆಯುವ ದಾರಿಯಿಲ್ಲ.

ಕಾಗದಕ್ಕೆ ನಮ್ಮಲ್ಲಿ ಬರವಿಲ್ಲ. ಯಕ್ಷಗಾನ ಆಟದ ಕರಪತ್ರ, ಮದುವೆ ಕಾಗದ, ಹಳೆ ಕ್ಯಾಲೆಂಡರ್ ಎಲ್ಲವೂ ಆಗುತ್ತದೆ. ಆದರೆ ಮೊದಲೇ ಒಂದು ಮೂಲೆ ಒದ್ದೆ ಮಾಡಿ ಬಿಳಿ ಬಟ್ಟೆಗೆ ಒತ್ತಿ ನೋಡಿ. ಬಣ್ಣದ ಕಾಗದವೂ ಇಂಕ್‌ಜೆಟ್ ಪ್ರಿಂಟೂ ಬಣ್ಣ ಬಿಡುವುದು ಹೆಚ್ಚು. ಬಿಟ್ಟರೆ ಅದನ್ನು ಲೇಸರ್ ಪ್ರಿಂಟಿನಲ್ಲಿ ನಕಲು ಮಾಡಿಸಿ ಬಳಸಿ. ದಪ್ಪ ಮದುವೆ ಕಾಗದವನ್ನು ಹಾಗೆಯೇ ಅಂಟಿಸಿದರೆ ಅಂಚು ಎದ್ದು ನಿಲ್ಲುತ್ತದೆ. ಹಿಂಬದಿಗೆ ನೀರು ಸವರಿ, ಹಿಂದಿನ ಪದರವನ್ನು ಬೆರಳಿನಿಂದ ಮೆಲ್ಲ ಸುಲಿದು ತೆಳು ಮಾಡಿ.

ಯಕ್ಷಗಾನದ ಕಿರೀಟದಂಥ ಕುಸುರಿ ಚಿತ್ರವಾದರೆ ಒಳಗಿನ ಸಂದುಗಳನ್ನು ಮೊದಲು ಕತ್ತರಿಸಿ, ಹೊರಗಿನ ಗೆರೆ ಕೊನೆಗೆ. ಹೊರಗೆ ಮೊದಲು ಕತ್ತರಿಸಿದರೆ ಹಿಡಿಯಲು ಕಾಗದವೇ ಉಳಿಯದು, ತುದಿ ಹರಿಯುತ್ತದೆ. ಕತ್ತರಿಯನ್ನು ಅಲ್ಲಾಡಿಸದೆ ಕಾಗದವನ್ನು ತಿರುಗಿಸುತ್ತಾ ಹೋಗಿ.

ಅಂಟು: ಫೆವಿಕಾಲಿನಂಥ ಬಿಳಿ ಅಂಟು 3 ಪಾಲು, ನೀರು 1 ಪಾಲು. ಮೈದಾ ಅಂಟನ್ನು ಜಿರಳೆ ತಿನ್ನುತ್ತದೆ. ಅದನ್ನು ತಡೆಯಲು ಅಡಿಕೆ ತೋಟಕ್ಕೆ ತಂದ ಮೈಲುತುತ್ತು ಬೆರೆಸುವುದುಂಟು. ಅದು ವಿಷ, ಅಡುಗೆಮನೆಯ ಡಬ್ಬಕ್ಕೆ ಸಲ್ಲದು.

ಗುಳ್ಳೆ ಏಳುವುದಕ್ಕೆ ಮುಖ್ಯ ಕಾರಣ ಅವಸರ. ಒದ್ದೆಯಾದ ಕಾಗದ ಹಿಗ್ಗುತ್ತದೆ. ಹಿಂಬದಿಗೆ ಅಂಟು ಸವರಿ ಒಂದು ನಿಮಿಷ ಬಿಟ್ಟರೆ ಅದು ಹಿಗ್ಗುವಷ್ಟು ಹಿಗ್ಗಿಕೊಳ್ಳುತ್ತದೆ. ಆಮೇಲೆ ಡಬ್ಬದ ಮೇಲೂ ತೆಳುವಾಗಿ ಹಚ್ಚಿ, ಚಿತ್ರವಿಟ್ಟು, ನಡುವಿನಿಂದ ಅಂಚಿಗೆ ಒತ್ತುತ್ತಾ ಬನ್ನಿ. ಉಬ್ಬಿದ ಮೈಯ ಕುಪ್ಪಿಗೆ ದೊಡ್ಡ ಚಿತ್ರ ಸುಕ್ಕಾಗುತ್ತದೆ. 2-3 ಸೆಂಟಿಮೀಟರಿನ ತುಂಡುಗಳೇ ಸೈ. ಆದರೂ ಗುಳ್ಳೆ ಬಂದರೆ ಸೂಜಿಯಿಂದ ಚುಚ್ಚಿ ಒತ್ತಿ. ಮುಚ್ಚಳದ ತಿರುಪಿನಿಂದ ಒಂದೂವರೆ ಸೆಂಟಿಮೀಟರ್ ಕೆಳಗೇ ಕಾಗದ ನಿಲ್ಲಲಿ. ಒಳಮೈಗೆ ಅಂಟೂ ವಾರ್ನಿಶೂ ತಾಗಬಾರದು.

ಒಂದಿಡೀ ದಿನ ನೆರಳಲ್ಲಿ, ಫ್ಯಾನಿನ ಗಾಳಿಗೆ ಒಣಗಿಸಿ. ಬಿಸಿಲಿಗಿಟ್ಟರೆ ಮೇಲ್ಪದರ ಮೊದಲು ಬಿಗಿದು ಒಳಗಿನ ನೀರು ಗುಳ್ಳೆಯಾಗುತ್ತದೆ. ಒಣಗಿದ ಬಿಳಿ ಅಂಟು ನೀರು ತಾಗಿದರೆ ಮತ್ತೆ ಮೆತ್ತಗಾಗುವುದರಿಂದ ಅದನ್ನೇ ಕೊನೆಯ ಕೋಟ್ ಎಂದು ಬಿಡಬೇಡಿ. ನೀರಿನಲ್ಲಿ ಕಲಸುವ ವಾರ್ನಿಶನ್ನು ತೆಳುವಾಗಿ ಮೂರು ಕೋಟ್ ಕೊಡಿ, ಪ್ರತಿಯೊಂದರ ನಡುವೆ ಕನಿಷ್ಠ ಎರಡು ಗಂಟೆ ಬಿಡಿ. ಎಣ್ಣೆ ವಾರ್ನಿಶ್ ಗಟ್ಟಿ, ಆದರೆ ದಿನ ಕಳೆದಂತೆ ಹಳದಿಯಾಗುತ್ತದೆ. ಕಾಗದದ ಅಂಚಿನ ಮೇಲೆ ಬ್ರಷ್ ಇನ್ನೊಂದು ಸಲ ಹೋಗಲಿ, ತೇವ ಒಳಹೊಗುವುದು ಅಲ್ಲಿಂದಲೇ.

ಬಳಸುವ ಮೊದಲು ಒಂದು ವಾರ ಬಿಡಿ, ಅಲ್ಲಿವರೆಗೆ ಒಂದಕ್ಕೊಂದು ತಾಗಿಸಿ ಇಡಬೇಡಿ. ಒಲೆಯ ಪಕ್ಕ ಇಡಬಾರದು, ನೀರಲ್ಲಿ ಅದ್ದಿ ತೊಳೆಯಬಾರದು; ಹಿಂಡಿದ ಬಟ್ಟೆಯಿಂದ ಒರೆಸಿದರೆ ಆಯಿತು.