ಲಾಗ್ ಬುಕ್ ಕಲಿಸಿದ ಊಹೆಯ ಇಂಗ್ಲಿಷ್

ನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಯಂತ್ರಗಳ ನಿರ್ವಹಣೆ ನೋಡಿಕೊಳ್ಳುವ ನಾನು, ಪಾಳಿ ಮುಗಿಯುವ ಹೊತ್ತಿಗೆ ಅಂದಿನ ದೋಷಗಳನ್ನು ಇಂಗ್ಲಿಷಿನಲ್ಲಿ ಲಾಗ್ ಬುಕ್‌ಗೆ ಬರೆದು, ಮುಂದಿನ ಪಾಳಿಯವರಿಗೆ ಬಾಯಲ್ಲೂ ಹೇಳಿ ಹೊರಡಬೇಕು. ಕೋಲಾರ ತಾಲ್ಲೂಕಿನ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವನಿಗೆ ನಡೆದದ್ದನ್ನು ನಡೆದಂತೆ ಬರೆಯುವುದು ಅಷ್ಟೇನೂ ಕಷ್ಟವಾಗಲಿಲ್ಲ. ಯಂತ್ರ ನಿಂತಿತು, ಬೆಲ್ಟ್ ಬದಲಾಯಿಸಿದೆವು ಎನ್ನಲು ಭೂತಕಾಲದ ಕ್ರಿಯಾಪದ ಸಾಕು. ತೊಡಕಿದ್ದದ್ದು ಊಹೆಯಲ್ಲಿ. ಬೇರಿಂಗ್ ಸವೆದಿರಬೇಕು, ಸೆನ್ಸರ್ ಕೆಟ್ಟಿರಬಹುದು, ಮೋಟಾರ್ ಸುಟ್ಟಿರಲಿಕ್ಕಿಲ್ಲ ಎಂಬಂಥ ಮಾತುಗಳಿಲ್ಲದೆ ನಮ್ಮ ವಿಭಾಗದಲ್ಲಿ ಒಂದು ಪಾಳಿಯೂ ಕಳೆಯುವುದಿಲ್ಲ.

ನಮ್ಮಲ್ಲಿ ಬಹಳ ಮಂದಿ ಎಲ್ಲ ಊಹೆಗೂ ‘ಐ ಥಿಂಕ್’ ಅಥವಾ ‘ಮೇಬಿ’ ಎಂಬುದನ್ನೇ ಅಂಟಿಸುತ್ತಾರೆ. ಅದು ತಪ್ಪಲ್ಲ, ಆದರೆ ಹೇಳುವವನಿಗೆ ಎಷ್ಟು ಖಾತ್ರಿಯಿದೆ ಎಂಬುದು ಕೇಳುವವನಿಗೆ ತಿಳಿಯುವುದಿಲ್ಲ. ಮುಂದಿನ ಪಾಳಿಯವನು ಮೊದಲು ಯಾವ ಮುಚ್ಚಳ ಬಿಚ್ಚಬೇಕು ಎಂಬುದು ಆ ಖಾತ್ರಿಯ ಮೇಲೆಯೇ ನಿಂತಿರುತ್ತದೆ. ಆದ್ದರಿಂದ ನಾನು ವ್ಯಾಕರಣದ ಪಟ್ಟಿಯನ್ನು ಬಾಯಿಪಾಠ ಮಾಡುವುದನ್ನು ಬಿಟ್ಟು, ಊಹೆ ಹೇಳುವ ಮೊದಲು ಅದಕ್ಕೆ ಕೈಯಲ್ಲಿ ಏನು ಪುರಾವೆ ಇದೆ ಎಂದು ಕೇಳಿಕೊಳ್ಳುವ ಕ್ರಮ ಇಟ್ಟುಕೊಂಡೆ. ವೇಗ ಏರಿದಂತೆ ಸದ್ದೂ ಏರುತ್ತಿದೆ, ಕವಚ ಮುಟ್ಟಿದರೆ ಸುಡುತ್ತಿದೆ, ಸಡಿಲವಾದದ್ದು ಬೇರೇನೂ ಕಾಣುತ್ತಿಲ್ಲ ಎಂದರೆ ‘ದ ಬೇರಿಂಗ್ ಮಸ್ಟ್ ಬಿ ವೋರ್ನ್’. ಸೆನ್ಸರ್ ಒಮ್ಮೆ ಓದುತ್ತದೆ, ಒಮ್ಮೆ ಓದುವುದಿಲ್ಲ, ಕೇಬಲ್ ಸಡಿಲವಾಗಿದ್ದರೂ ಹಾಗೇ ಆಗುತ್ತದೆ ಎಂದರೆ ‘ಇಟ್ ಕುಡ್ ಬಿ ದ ಸೆನ್ಸರ್, ಇಟ್ ಮೈಟ್ ಬಿ ದ ಕೇಬಲ್’. ಮೆಗ್ಗರ್ ಎಂಬ ಅಳತೆಯ ಉಪಕರಣ ಹಿಡಿದು ನೋಡಿದಾಗ ಇನ್ಸುಲೇಷನ್ ಚೆನ್ನಾಗಿದೆ, ಮೂರೂ ಫೇಸಿನ ಕರೆಂಟ್ ಸಮವಾಗಿದೆ ಎಂದರೆ ‘ಇಟ್ ಕಾಂಟ್ ಬಿ ದ ಮೋಟಾರ್’. ಪುರಾವೆ ಬದಲಾದರೆ ಪದವೂ ಬದಲಾಗುತ್ತದೆ. ಮೇ, ಮೈಟ್, ಕುಡ್ ಈ ಮೂರರ ನಡುವಿನ ಬಲಾಬಲವನ್ನು ಅಳೆಯುತ್ತಾ ಕೂರುವುದು ದಿನದ ಮಾತಿಗೆ ಅನಗತ್ಯ ಎಂಬುದು ನನ್ನ ಅಭಿಪ್ರಾಯ.

ಹೆಚ್ಚು ಹೊತ್ತು ತೆಗೆದುಕೊಂಡದ್ದು ಮಸ್ಟ್‌ನ ನಿಷೇಧರೂಪ. ನಮ್ಮ ‘ಇರಬೇಕು’ ಎಂಬುದಕ್ಕೂ ಮಸ್ಟ್‌ಗೂ ಒಂದೇ ಸ್ವಭಾವ: ‘ನೀನು ಎಂಟು ಗಂಟೆಗೆ ಇಲ್ಲಿರಬೇಕು’ ಎಂದರೆ ಕಟ್ಟಳೆ, ‘ಅವನು ಕ್ಯಾಂಟೀನಿನಲ್ಲಿರಬೇಕು’ ಎಂದರೆ ಊಹೆ. ಇಲ್ಲವೆನ್ನುವಾಗ ಮಾತ್ರ ಕನ್ನಡ ಇವೆರಡನ್ನೂ ಬೇರೆ ಮಾಡುತ್ತದೆ. ಕಟ್ಟಳೆಗೆ ‘ಇರಬಾರದು’, ಊಹೆಗೆ ‘ಇರಲಿಕ್ಕಿಲ್ಲ’ ಅಥವಾ ‘ಇರಲಾರ’. ಇಂಗ್ಲಿಷೂ ಹಾಗೆಯೇ ಬೇರೆ ಮಾಡುತ್ತದೆ. ಕಟ್ಟಳೆಗೆ ‘ಮಸ್ಟ್ ನಾಟ್’, ಊಹೆಗೆ ಸಾಮಾನ್ಯವಾಗಿ ‘ಕಾಂಟ್’. ‘ಹೀ ಮಸ್ಟ್ ನಾಟ್ ಬಿ ಇನ್ ದ ಕ್ಯಾಂಟೀನ್’ ಎಂದರೆ ಆತನಿಗೆ ಅಲ್ಲಿ ಪ್ರವೇಶವಿಲ್ಲ ಎಂದೇ ಹೆಚ್ಚಿನವರು ತಿಳಿದಾರು. ಅಲ್ಲಿರಲಿಕ್ಕಿಲ್ಲ ಎನ್ನಲು ‘ಹೀ ಕಾಂಟ್ ಬಿ’ ಎನ್ನಬೇಕು. ‘ಹೀ ಮೇ ನಾಟ್ ಬಿ’ ಎಂದರೆ ಇಲ್ಲದೆಯೂ ಇರಬಹುದು ಎಂಬ ಸಡಿಲ ಊಹೆ. ಶಾಲೆಯಲ್ಲಿ ಸಂಭಾವನಾರ್ಥಕ, ನಿಷೇಧಾರ್ಥಕ ಎಂದು ಓದಿ ಪರೀಕ್ಷೆಗೆ ಬರೆದು ಮರೆತಿದ್ದ ಪಾಠ ಇಂಗ್ಲಿಷ್ ಕಲಿಯಲು ಇಷ್ಟು ನೆರವಾದೀತು ಎಂದು ನಾನು ಎಣಿಸಿರಲಿಲ್ಲ.

ಕ್ಯಾನ್ ಪದ ಮಾತ್ರ ಕನ್ನಡದ ‘ಬಹುದು’ ಇರುವಲ್ಲೆಲ್ಲ ಕೂರುವುದಿಲ್ಲ. ‘ಸೆನ್ಸರ್ಸ್ ಕ್ಯಾನ್ ಫೇಲ್ ಇನ್ ಹೀಟ್’ ಎನ್ನುವುದು ಸೆನ್ಸರ್‌ಗಳ ಸಾಮಾನ್ಯ ಗುಣ. ಎದುರಿಗಿರುವ ಈ ಒಂದು ಸೆನ್ಸರ್ ಕೆಟ್ಟಿರಬಹುದು ಎನ್ನಲು ಕ್ಯಾನ್ ಬಳಸದೆ ‘ದಿಸ್ ಸೆನ್ಸರ್ ಮೇ ಹ್ಯಾವ್ ಫೇಲ್ಡ್’ ಎನ್ನಬೇಕು. ಮುಗಿದುಹೋದದ್ದರ ಬಗೆಗಿನ ಊಹೆಗೆಲ್ಲ ಈ ‘ಹ್ಯಾವ್’ ಬರುತ್ತದೆ, ಮತ್ತು ಕರ್ತೃ ಏಕವಚನದಲ್ಲಿದ್ದರೂ ಅದು ‘ಹ್ಯಾಸ್’ ಆಗುವುದಿಲ್ಲ. ಮಾತಿನಲ್ಲಿ ‘ಮಸ್ಟ್ ಹ್ಯಾವ್’ ಎಂಬುದು ‘ಮಸ್ಟವ್’ ಎಂದಷ್ಟೇ ಕೇಳಿಸುತ್ತದೆ. ಇಂಗ್ಲಿಷನ್ನೇ ತಾಯಿನುಡಿಯಾಗಿ ಉಳ್ಳವರಲ್ಲೂ ಕೆಲವರು ಅದನ್ನು ‘ಮಸ್ಟ್ ಆಫ್’ ಎಂದು ಬರೆಯುವುದುಂಟು ಎಂಬುದು ನಮ್ಮಂಥವರಿಗೆ ಸಣ್ಣ ಸಮಾಧಾನ. ಲಾಗ್ ಬುಕ್‌ನಲ್ಲಿ ನಾನು ‘ಕುಡ್ ಹ್ಯಾವ್’ ಬರೆಯುವುದೇ ಕಡಿಮೆ, ಏಕೆಂದರೆ ‘ವಿ ಕುಡ್ ಹ್ಯಾವ್ ಚೆಕ್ಡ್ ಇಟ್’ ಎಂಬುದನ್ನು ನೋಡಬಹುದಿತ್ತು, ಆದರೆ ನೋಡಲಿಲ್ಲ ಎಂದು ಓದುವವರೇ ಹೆಚ್ಚು.

ಅಭಿಪ್ರಾಯ ಹೇಳುವ ಅಭ್ಯಾಸ ಆದದ್ದು ಲಾಗ್ ಬುಕ್‌ನಲ್ಲಲ್ಲ, ತಮಿಳುನಾಡು ಮತ್ತು ಒಡಿಶಾದ ಸಹೋದ್ಯೋಗಿಗಳ ಜೊತೆ ಊಟಕ್ಕೆ ಕೂತಾಗ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿರುವ ಕೆ.ಸಿ. ವ್ಯಾಲಿ ಯೋಜನೆಯ ಮಾತು ಬಂದರೆ, ‘ದೇ ಷುಡ್ ಟ್ರೀಟ್ ಇಟ್ ಒನ್ಸ್ ಮೋರ್’ ಎನ್ನುತ್ತೇನೆ, ಅದು ನನ್ನ ಅಭಿಪ್ರಾಯ. ಅಂತರ್ಜಲ ಏರಿದ್ದಕ್ಕೆ ಆ ನೀರೂ ಒಂದು ಕಾರಣವಿರಬಹುದು ಎನ್ನುವಾಗ ಮೇ, ಅದು ಊಹೆ. ಮೇಲಧಿಕಾರಿಯ ಎದುರು ‘ಯು ಮಸ್ಟ್ ರಿಪ್ಲೇಸ್ ಇಟ್’ ಎಂದರೆ ಆಜ್ಞೆಯಂತೆ ಕೇಳಿಸುವುದರಿಂದ ‘ಐ ವುಡ್ ರಿಪ್ಲೇಸ್ ಇಟ್’ ಎನ್ನುತ್ತೇನೆ. ಅಭಿಪ್ರಾಯ ಅಷ್ಟೇ ಗಟ್ಟಿಯಾಗಿರುತ್ತದೆ, ದನಿ ತಗ್ಗಿರುತ್ತದೆ.

ಷುಡ್‌ಗೆ ನಿರೀಕ್ಷೆಯ ಅರ್ಥವೂ ಇದೆ. ‘ದ ಸ್ಪೇರ್ ಷುಡ್ ಕಮ್ ಬೈ ಮಂಡೆ’ ಎಂದರೆ ಎಲ್ಲವೂ ಸರಿಯಾಗಿ ನಡೆದರೆ ಸೋಮವಾರದೊಳಗೆ ಬಂದೀತು ಎಂದು. ಆದರೆ ಈ ಪದ ಸಾಮಾನ್ಯವಾಗಿ ನಾವು ಬಯಸುವುದಕ್ಕೇ ಹೊಂದುತ್ತದೆ, ಕೆಡುಕಿನ ಊಹೆಗೆ ಅಷ್ಟಾಗಿ ಒಗ್ಗುವುದಿಲ್ಲ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸಿನ ದರ 2,000 ರೂಪಾಯಿ ದಾಟಿದ್ದಾಗ ಎಲ್ಲರ ಬಾಯಲ್ಲೂ ಮುಂದಿನ ವಾರದ ದರದ್ದೇ ಮಾತಾಗಿತ್ತು. ‘ದ ಪ್ರೈಸ್ ಷುಡ್ ಫಾಲ್ ಸೂನ್’ ಎಂದು ಕೊಂಡು ತಿನ್ನುವವರು ಧಾರಾಳವಾಗಿ ಹೇಳಬಹುದು. ಟೊಮೆಟೊ ಬೆಳೆಯುವ ಮನೆಯವನು ಅದೇ ಊಹೆಗೆ ‘ಮೇ ಫಾಲ್’ ಎನ್ನುವುದೇ ಮೇಲು. ಷುಡ್ ಎಂದರೆ ನಮ್ಮ ದರ ಇಳಿಯಲಿ ಎಂದು ತಾನೇ ಹಾರೈಸಿದಂತಾಗುತ್ತದೆ.