ಮೆಮೊರಿ ಕಾರ್ಡ್ ಕರಪ್ಟ್ ಅಂದಾಗ ಫಾರ್ಮ್ಯಾಟ್ ಒತ್ತಬೇಡಿ

ನಮ್ಮ ರಿಪೇರಿ ಅಂಗಡಿಗೆ ಮೆಮೊರಿ ಕಾರ್ಡ್ ಹಿಡಿದು ಬಂದವರನ್ನು ನಾನು ಮೊದಲು ಕೇಳುವುದು ಒಂದೇ: ಫಾರ್ಮ್ಯಾಟ್ ಒತ್ತಿದಿರಾ? ಇಲ್ಲ ಅಂದರೆ ನನಗೆ ಅರ್ಧ ಸಮಾಧಾನ. ‘ಎಸ್‌ಡಿ ಕಾರ್ಡ್ ಕರಪ್ಟ್ ಆಗಿದೆ, ಸರಿಪಡಿಸಲು ಒತ್ತಿ’ ಅಂತ ಫೋನ್ ಕೇಳುತ್ತದೆ. ಅದು ಸರಿಪಡಿಸುವುದು ಕಾರ್ಡ್ ಖಾಲಿ ಮಾಡಿ.

ಕಾರ್ಡ್‌ನಲ್ಲಿ ಯಾವ ಫೈಲ್ ಎಲ್ಲಿದೆ ಅನ್ನುವ ಪಟ್ಟಿ ಒಂದಿರುತ್ತದೆ. ವಿಡಿಯೋ ಸೇವ್ ಆಗುವಾಗಲೇ ಬ್ಯಾಟರಿ ಸತ್ತರೆ, ಅಥವಾ ಕಾರ್ಡ್ ಎಳೆದರೆ, ಆ ಪಟ್ಟಿ ಕೆಡುತ್ತದೆ. ಪುಸ್ತಕದ ಪರಿವಿಡಿ ಹರಿದರೂ ಒಳಗಿನ ಪುಟಗಳು ಇರುತ್ತವಲ್ವಾ, ಹಾಗೆ. ಮದುವೆ ಫೋಟೋ, ಮಗುವಿನ ವಿಡಿಯೋ ಬಹಳ ಸಲ ಒಳಗೇ ಇರುತ್ತವೆ.

ಮೊದಲು ಫೋನ್ ಆಫ್ ಮಾಡಿ ಕಾರ್ಡ್ ತೆಗೆಯಿರಿ. ಹಿಂಬದಿಯ ಚಿನ್ನದ ಬಣ್ಣದ ಪಟ್ಟಿಗಳನ್ನು ಒಣ ಮೆತ್ತನೆ ಬಟ್ಟೆಯಿಂದ ಒರೆಸಿ. ಆಮೇಲೆ ಕಾರ್ಡ್ ರೀಡರ್‌ಗೆ ಹಾಕಿ ಕಂಪ್ಯೂಟರ್‌ನಲ್ಲಿ ನೋಡಿ. ಅಲ್ಲಿ ಸಲೀಸಾಗಿ ತೆರೆದರೆ ತಪ್ಪು ಫೋನಿನ ಸ್ಲಾಟ್‌ನದ್ದೂ ಇರಬಹುದು.

ಒಂದು ಎಚ್ಚರಿಕೆ. ಆಂಡ್ರಾಯ್ಡ್ 6 ಬಂದ ಮೇಲೆ, ಅಂದರೆ 2015ರಿಂದ, ಕೆಲವು ಫೋನ್‌ಗಳಲ್ಲಿ ಕಾರ್ಡನ್ನೇ ಇಂಟರ್ನಲ್ ಸ್ಟೋರೇಜ್ ಮಾಡಿಕೊಳ್ಳಬಹುದು. ಹಾಗೆ ಮಾಡಿದ್ದರೆ ಅದು ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಬೀಗ ಹಾಕಿದಂತೆ, ಬೇರೆಲ್ಲೂ ಓದಲು ಬರುವುದಿಲ್ಲ. ಬೀಗದ ಕೀ ಆ ಫೋನಿನಲ್ಲೇ ಇದೆ. ದಯವಿಟ್ಟು ಆ ಫೋನನ್ನು ರಿಸೆಟ್ ಮಾಡಬೇಡಿ.

ಕಂಪ್ಯೂಟರ್‌ನಲ್ಲಿ ಫೋಲ್ಡರ್‌ಗಳು ಕಂಡರೆ ಬೇರೇನೂ ಮಾಡದೆ ಮೊದಲು ಡಿಸಿಐಎಂ ಕಾಪಿ ಮಾಡಿ. ಕ್ಯಾಮೆರಾ ಫೋಟೋಗಳು ಇರುವುದು ಅದರಲ್ಲೇ. ವಿಂಡೋಸ್ ಕೂಡ ಫಾರ್ಮ್ಯಾಟ್ ಮಾಡಲೇ ಅಂತ ಕೇಳಿದರೆ ಕ್ಯಾನ್ಸಲ್ ಒತ್ತಿ, ಫೋಟೋರೆಕ್ ಓಡಿಸಿ. ಇದು ಉಚಿತ ಸಾಫ್ಟ್‌ವೇರ್. ಕೆಟ್ಟ ಪಟ್ಟಿಯನ್ನು ನಂಬದೆ, ಇಡೀ ಕಾರ್ಡ್ ಜಾಲಾಡಿ ಫೋಟೋ ಶುರುವಾಗುವ ಗುರುತುಗಳನ್ನು ಹುಡುಕುತ್ತದೆ. ಹಳೆಯ ಹೆಸರುಗಳು ಸಾಮಾನ್ಯವಾಗಿ ಸಿಗುವುದಿಲ್ಲ, ಫೋಟೋ ಸಿಕ್ಕರೆ ಸಾಕಲ್ವಾ? ಸಿಕ್ಕಿದ್ದನ್ನು ಅದೇ ಕಾರ್ಡ್‌ಗೆ ಸೇವ್ ಮಾಡಬೇಡಿ, ಕಂಪ್ಯೂಟರ್‌ಗೇ ಮಾಡಿ. ಅದೇ ಕಾರ್ಡ್‌ಗೆ ಬರೆದರೆ ಉಳಿದ ಫೋಟೋಗಳ ಮೇಲೆಯೇ ಬರೆದಂತೆ.

ರಿಪೇರಿ ಇದಾದ ಮೇಲೆ. ಡ್ರೈವ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಟೂಲ್ಸ್, ಚೆಕ್. ಸಣ್ಣಪುಟ್ಟ ತಪ್ಪಿದ್ದರೆ ಇಷ್ಟಕ್ಕೇ ಸರಿಹೋಗುತ್ತದೆ. ಆಗಲಿಲ್ಲ ಅಂದರೆ ಈಗ ಧೈರ್ಯವಾಗಿ ಫಾರ್ಮ್ಯಾಟ್ ಮಾಡಿ, ಅದೂ ಫೋನಿನಲ್ಲೇ. 32 ಜಿಬಿವರೆಗಿನ ಕಾರ್ಡ್‌ಗೆ ಫ್ಯಾಟ್32, ಅದಕ್ಕಿಂತ ದೊಡ್ಡದಕ್ಕೆ ಎಕ್ಸ್‌ಫ್ಯಾಟ್ ಇರಬೇಕು; ಇವು ಕಾರ್ಡ್‌ನಲ್ಲಿ ಫೈಲ್ ಜೋಡಿಸಿಡುವ ಎರಡು ಪದ್ಧತಿಗಳು. ಫ್ಯಾಟ್32ರಲ್ಲಿ 4 ಜಿಬಿ ದಾಟಿದ ಫೈಲ್ ಹಿಡಿಸುವುದಿಲ್ಲ. ದೊಡ್ಡ ಸಿನಿಮಾ ಕಾಪಿ ಆಗದಿದ್ದರೆ ಕಾರಣ ಅದೇ ಇರಬಹುದು, ಸುಮ್ನೆ ಕಾರ್ಡ್ ಬೈಯಬೇಡಿ.

ಡಿಲೀಟ್ ಮಾಡಿದ ಫೋಟೋಗಳು ಫೋನ್ ಆಫ್ ಮಾಡಿ ಆನ್ ಮಾಡಿದೊಡನೆ ವಾಪಸ್ ಬರುತ್ತಿವೆಯೇ? ಫಾರ್ಮ್ಯಾಟ್ ಮಾಡಿದರೂ ಹಳೆಯದೆಲ್ಲ ಹಾಗೇ ಇದೆಯೇ? ಆ ಕಾರ್ಡ್‌ನ ಆಯಸ್ಸು ಮುಗಿದಿದೆ. ಓದಲು ಬರುವಷ್ಟು ದಿನದೊಳಗೆ ಎಲ್ಲ ಕಾಪಿ ಮಾಡಿಕೊಂಡು, ಬಿಲ್ ಕೊಡುವ ಅಂಗಡಿಯಲ್ಲಿ ಹೊಸದು ಕೊಳ್ಳಿ.