ಡಿಸ್ಕಸ್ ಮೀನಿಗೆ ಎಷ್ಟು ದೊಡ್ಡ ಅಕ್ವೇರಿಯಂ ಬೇಕು?

ಅಮೆಜಾನ್ ಕೊಳ್ಳದ ಡಿಸ್ಕಸ್ ಮೀನು ಅಂಗಡಿಯಲ್ಲಿ ಅಂಗೈಗಿಂತ ಚಿಕ್ಕದಾಗಿ ಕಂಡರೂ, ಬೆಳೆದಾಗ ಅದರ ಅಗಲ 15ರಿಂದ 20 ಸೆಂಟಿಮೀಟರ್ ಆಗುವುದರಿಂದ, ತೊಟ್ಟಿಯನ್ನು ಬೆಳೆದ ಮೀನಿನ ಲೆಕ್ಕದಲ್ಲಿಯೇ ಕೊಳ್ಳಬೇಕು. ಗುಂಪಿನಲ್ಲಿ ಬಾಳುವ ಈ ಮೀನುಗಳನ್ನು ಎರಡು ಮೂರರಷ್ಟೇ ಸಾಕಿದರೆ ಬಲವಾದದ್ದು ಉಳಿದವನ್ನು ಬೆದರಿಸಿ ಮೇವಿನಿಂದ ದೂರವಿಡುತ್ತದೆ. ಆದ್ದರಿಂದ ಕನಿಷ್ಠ ಐದಾರು ಇರಲಿ.

ಬೆಳೆದ ಮೀನೊಂದಕ್ಕೆ ಸುಮಾರು 40 ಲೀಟರ್ ನೀರು ಎಂಬುದು ಸಾಕಣೆದಾರರಲ್ಲಿ ರೂಢಿಯಲ್ಲಿರುವ ಅಳತೆ. 120 ಸೆಂಟಿಮೀಟರ್ ಉದ್ದ, 45 ಅಗಲ, 50 ಎತ್ತರದ ತೊಟ್ಟಿಯ ಲೆಕ್ಕದ ಅಳತೆ 270 ಲೀಟರ್ ಆದರೂ, ಮೇಲೆ ಬಿಡುವ ಜಾಗವನ್ನು ಕಳೆದರೆ ಆರು ಮೀನಿಗೆ ತಕ್ಕಷ್ಟೇ ನೀರು ಉಳಿಯುತ್ತದೆ. ಮೈ ನಿಲುವಾಗಿರುವ ಮೀನಾದ್ದರಿಂದ ಎತ್ತರದಲ್ಲಿ ಮಾತ್ರ ಜಿಪುಣತನ ಬೇಡ. ಮೊಟ್ಟೆಯಿಡುವ ಒಂದು ಜೋಡಿಗಾದರೆ ಸುಮಾರು 100 ಲೀಟರಿನ ಪ್ರತ್ಯೇಕ ತೊಟ್ಟಿ ಸಾಕು.

ಇವುಗಳಿಗೆ 28ರಿಂದ 30 ಡಿಗ್ರಿ ಸೆಲ್ಸಿಯಸ್ ಬಿಸುಪು ಬೇಕು. ಬೆಳಗಾವಿಯ ಚಳಿಗಾಲದಲ್ಲಿ ವಿದ್ಯುತ್ ಹೋಗಿ ಹೀಟರ್ ನಿಂತಾಗ ಚಿಕ್ಕ ತೊಟ್ಟಿ ಬೇಗ ತಣ್ಣಗಾಗುತ್ತದೆ, ವಿಜಯಪುರದ ಬೇಸಿಗೆಯಲ್ಲಿ ಅಷ್ಟೇ ಬೇಗ ಕಾಯುತ್ತದೆ. ನೀರು ಹೆಚ್ಚಿದ್ದಷ್ಟೂ ಈ ಏರಿಳಿತ ನಿಧಾನ. ಆದರೆ ವಾರಕ್ಕೊಮ್ಮೆಯಾದರೂ ಮೂರನೆಯ ಒಂದು ಪಾಲು ನೀರು ಬದಲಿಸಬೇಕು. ಕೊಳವೆಬಾವಿಯ ನೀರು ಗಡಸಾಗಿದ್ದರೆ ಅದರಲ್ಲಿ ಆರ್‌ಓ ನೀರನ್ನು ಬೆರೆಸಬೇಕಾಗುತ್ತದೆ. ಅಷ್ಟು ನೀರು ಒದಗದ ಮನೆಯಲ್ಲಿ ಡಿಸ್ಕಸ್ ಸಾಕದಿರುವುದೇ ಲೇಸೆಂದು ನನ್ನ ಅಭಿಪ್ರಾಯ.

ಗಾಜು, ನೀರು ಸೇರಿ ತೂಕ 300 ಕಿಲೋ ಸಮೀಪಿಸುವುದರಿಂದ, ಸಮತಟ್ಟಾದ ಕಬ್ಬಿಣದ ಸ್ಟ್ಯಾಂಡನ್ನು ಮೊದಲು ನಿಲ್ಲಿಸಿ, ಆಮೇಲೆ ತೊಟ್ಟಿಯನ್ನು ತರಿಸಿರಿ.